ಹದಿನೆಂಟರ ಮಗ, ಹದಿನೆಂಟು ವರ್ಷದ ಕಲ್ಲು

ಭಾಗ 1/8

ಹೋದ ಸಲ ಮೊದಲನೇ ಮಹಾಯುದ್ಧದ ಬಗ್ಗೆ ಬರೆದಾಗ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು: "ಅಕ್ಕ, ಯಾರು ಗೆದ್ರು, ಯಾರು ಸೋತ್ರು ಅಂತ ಬರೀತೀರ, ಸರಿ. ಮನೇಲಿ ಉಳಿದೋರ ಕಥೆ ಏನಾಯ್ತು?" ಅದಕ್ಕೇ ಈ ವಾರ ಮನೇಲಿ ಉಳಿದ ಒಬ್ಬ ತಾಯಿಯ ಕಥೆ. ಸ್ವಲ್ಪ ಉದ್ದ ಇದೆ, ಎಂಟು ಭಾಗ. ಟೈಮ್ ಇದ್ದಾಗ ಓದಿ.

ಮೊದಲು ಫೋಟೋ ನೋಡಿ. ಎರಡು ಕಲ್ಲಿನ ವಿಗ್ರಹ. ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಮಂಡಿಯೂರಿ ಕೂತಿದ್ದಾರೆ. ಗಂಡಸು ಬೆನ್ನು ನೆಟ್ಟಗೆ ಮಾಡ್ಕೊಂಡು, ಎರಡೂ ಕೈಯಲ್ಲಿ ತನ್ನನ್ನ ತಾನೇ ಬಿಗಿಯಾಗಿ ಹಿಡ್ಕೊಂಡಿದ್ದಾನೆ, ಬಿಟ್ರೆ ಕುಸಿದು ಬೀಳ್ತೀನೇನೋ ಅನ್ನೋ ಹಾಗೆ. ಹೆಂಗಸು ಪೂರ್ತಿ ಬಾಗಿ ತಲೆ ತಗ್ಗಿಸಿದ್ದಾಳೆ. ಇಬ್ಬರಿಗೂ ಬೇರೆ ಬೇರೆ ಪೀಠ. ನಡುವೆ ಜಾಗ. ಗಂಡ ಹೆಂಡತಿಯೇ ಆದ್ರೂ ಒಬ್ಬರನ್ನೊಬ್ಬರು ಮುಟ್ಟಿಲ್ಲ, ನೋಡ್ತಾನೂ ಇಲ್ಲ.

ಇದು ಇರೋದು ಬೆಲ್ಜಿಯಂನ ವ್ಲಾಡ್‌ಸ್ಲೋ ಅನ್ನೋ ಊರಿನ ಹತ್ತಿರ, ಒಂದು ಜರ್ಮನ್ ಯುದ್ಧ ಸ್ಮಶಾನದಲ್ಲಿ. ಅಲ್ಲಿ 25,000ಕ್ಕೂ ಹೆಚ್ಚು ಸೈನಿಕರನ್ನ ಹೂಳಿದ್ದಾರೆ. ಯುದ್ಧದ ಸ್ಮಾರಕ ಅಂದ್ರೆ ನಮಗೆ ಕತ್ತಿ, ಕುದುರೆ, ಬಾವುಟ ನೆನಪಾಗುತ್ತೆ. ಇಲ್ಲಿ ಅದ್ಯಾವುದೂ ಇಲ್ಲ. ಸತ್ತ ಸೈನಿಕನೂ ಇಲ್ಲ. ಇರೋದು ಅಪ್ಪ, ಅಮ್ಮ ಇಬ್ಬರೇ.

ಇದನ್ನ ಮಾಡಿದವರ ಹೆಸರು ಕೇಟೆ ಕೊಲ್ವಿಟ್ಸ್. ಆ ಹೆಂಗಸಿನ ಮುಖ ಅವರದ್ದೇ. ಮಗನ ಹೆಸರು ಪೀಟರ್. ಅವನು ಬದುಕಿದ್ದು 18 ವರ್ಷ. ಈ ಕಲ್ಲು ಮುಗಿಯೋಕೆ ಹಿಡಿದಿದ್ದೂ ಹತ್ತಿರ ಹತ್ತಿರ 18 ವರ್ಷ. ಒಂದು ಸ್ಮಾರಕಕ್ಕೆ ಅಷ್ಟು ವರ್ಷ ಯಾಕೆ ಬೇಕಾಯ್ತು ಅನ್ನೋದೇ ಈ ಕಥೆ.

ಭಾಗ 2/8

ಕೇಟೆ ಹುಟ್ಟಿದ್ದು 1867ರಲ್ಲಿ, ಪೂರ್ವ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಇವತ್ತು ಆ ಊರು ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಅಪ್ಪ ಕಾನೂನು ಓದಿದ್ರೂ ತಮ್ಮ ರಾಜಕೀಯ ನಿಲುವಿನಿಂದಾಗಿ ಸರ್ಕಾರಿ ಕೆಲಸದ ದಾರಿ ಬಿಟ್ಟು ಮನೆ ಕಟ್ಟೋ ಕೆಲಸಕ್ಕೆ ಇಳಿದವರು. ಮಗಳ ಕೈಯಲ್ಲಿ ಚಿತ್ರಕಲೆ ಇದೆ ಅಂತ ಗೊತ್ತಾದಾಗ ಅವರೇ ಕಲಿಯೋಕೆ ಕಳಿಸಿದ್ರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಮನೇಲಿ ಸಾವು ಹೊಸದಾಗಿರ್ಲಿಲ್ಲ. ಕೇಟೆಯ ಒಡಹುಟ್ಟಿದವರಲ್ಲಿ ಕೆಲವರು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ರು. ಅಮ್ಮ ಅದನ್ನೆಲ್ಲ ಒಂದು ಮಾತೂ ಆಡದೆ ನುಂಗಿಕೊಂಡಿದ್ದನ್ನ ಕೇಟೆ ನೋಡ್ತಾನೇ ಬೆಳೆದ್ರು.

1891ರಲ್ಲಿ ಕಾರ್ಲ್ ಕೊಲ್ವಿಟ್ಸ್ ಅನ್ನೋ ಡಾಕ್ಟರ್ ಜೊತೆ ಮದುವೆ. ಬರ್ಲಿನ್‌ನಲ್ಲಿ ಕೂಲಿ ಕಾರ್ಮಿಕರು ತುಂಬಿದ ಬಡಾವಣೆಯಲ್ಲಿ ಮನೆ, ಅಲ್ಲೇ ಕಾರ್ಲ್ ಕ್ಲಿನಿಕ್. ಕಾಯಿಲೆ ಮಕ್ಕಳನ್ನ ಎತ್ಕೊಂಡು ಬರೋ ತಾಯಂದಿರು, ಕೆಲಸ ಕಳಕೊಂಡ ಗಂಡಸರು, ಏಟು ತಿಂದ ಹೆಂಗಸರು, ಎಲ್ಲರೂ ಅವರ ಮನೆ ಬಾಗಿಲಿಗೇ ಬರ್ತಿದ್ರು. ಕೇಟೆ ಚಿತ್ರಗಳಲ್ಲಿರೋ ಮುಖಗಳು ಬಂದಿದ್ದು ಅಲ್ಲಿಂದ.

1893ರಲ್ಲಿ ಅವರು ನೇಕಾರರ ದಂಗೆ ಮೇಲೆ ಗೆರ್ಹಾರ್ಟ್ ಹೌಪ್ಟ್‌ಮನ್ ಬರೆದ ನಾಟಕ ನೋಡಿದ್ರು. ಆಮೇಲೆ ಕೆಲವು ವರ್ಷ ಕೂತು ಅದೇ ವಿಷಯದ ಮೇಲೆ ಆರು ಅಚ್ಚುಚಿತ್ರಗಳ ಸರಣಿ ಮಾಡಿದ್ರು. 1898ರಲ್ಲಿ ಬರ್ಲಿನ್‌ನ ದೊಡ್ಡ ಪ್ರದರ್ಶನದಲ್ಲಿ ತೀರ್ಪುಗಾರರು ಅದಕ್ಕೆ ಚಿನ್ನದ ಪದಕ ಕೊಡಬೇಕು ಅಂದ್ರು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಒಪ್ಪಲಿಲ್ಲ. ಪದಕ ಕೈತಪ್ಪಿತು, ಹೆಸರು ಬಂತು.

ಆ ಹೊತ್ತಿಗೆ ಮನೇಲಿ ಎರಡು ಗಂಡು ಮಕ್ಕಳು. 1892ರಲ್ಲಿ ಹಾನ್ಸ್, 1896ರಲ್ಲಿ ಪೀಟರ್.

ಭಾಗ 3/8

ಮೂರನೇ ಫೋಟೋ ನೋಡೋಕೆ ಕಷ್ಟ ಆಗ್ಬಹುದು. ಬೇಡ ಅನ್ಸಿದ್ರೆ ಮುಂದೆ ಸ್ವೈಪ್ ಮಾಡಿ.

1903ರ ಚಿತ್ರ ಇದು. ಹೆಸರು 'ಸತ್ತ ಮಗುವಿನೊಂದಿಗೆ ಹೆಂಗಸು'. ಲೋಹದ ತಗಡಿನ ಮೇಲೆ ಗೆರೆ ಕೊರೆದು ಅಚ್ಚೊತ್ತೋ ಎಚಿಂಗ್ ವಿಧಾನ. ತಾಯಿ ಕಾಲು ಮಡಚಿ ಕೂತು ಸತ್ತ ಮಗುವನ್ನ ಎದೆಗೆ ಅವುಚಿಕೊಂಡಿದ್ದಾಳೆ. ಮುಖವನ್ನ ಮಗುವಿನ ಎದೆಗೆ ಒತ್ತಿ ಹಿಡಿದಿದ್ದಾಳೆ. ಅಳೋ ಮುಖ ನಮಗೆ ಕಾಣಲ್ಲ. ಮಗುವನ್ನ ಮತ್ತೆ ತನ್ನೊಳಗೇ ತಗೊಂಡು ಬಿಡ್ತಾಳೇನೋ ಅನ್ನೋ ಹಾಗಿದೆ ಆ ಹಿಡಿತ.

ಈ ಚಿತ್ರಕ್ಕೆ ಮಾಡೆಲ್ ಯಾರು ಗೊತ್ತಾ? ತಾಯಿ ಕೇಟೆಯೇ. ಮಗು ಪೀಟರ್. ಆಗ ಅವನಿಗೆ ಏಳು ವರ್ಷ. ಕೇಟೆ ಕನ್ನಡಿ ಮುಂದೆ ಕೂತು, ಅವನನ್ನ ತೋಳಲ್ಲಿ ಹಿಡ್ಕೊಂಡು, ತಮ್ಮನ್ನೇ ನೋಡ್ತಾ ಬರೆದದ್ದು. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಮಗುವನ್ನ ಹಿಡಿದು ಸುಸ್ತಾಗಿ ಅವರು ನರಳಿದಾಗ ಪೀಟರ್ ಅವರನ್ನ ಸಮಾಧಾನ ಮಾಡಿದ್ದನಂತೆ, ಸುಮ್ನಿರಮ್ಮ, ಚಿತ್ರ ಚೆನ್ನಾಗೇ ಬರುತ್ತೆ ಅನ್ನೋ ಅರ್ಥದಲ್ಲಿ. ಕೇಟೆ ಇದನ್ನ ಮುಂದೆ ಒಂದು ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ.

ಮುಂದೆ ಏನಾಯ್ತು ಅಂತ ಗೊತ್ತಿರೋ ನಮಗೆ ಇದನ್ನ ಓದಿದ್ರೆ ಮೈ ಜುಂ ಅನ್ನುತ್ತೆ. "ಕಲಾವಿದರಿಗೆ ಮೊದಲೇ ಗೊತ್ತಾಗುತ್ತೆ" ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ಸಲ್ಲ. ಗಂಡನ ಕ್ಲಿನಿಕ್‌ಗೆ ಬರ್ತಿದ್ದ ತಾಯಂದಿರ ದುಃಖ ಕೇಟೆ ದಿನಾ ನೋಡ್ತಿದ್ರು. ಆ ದುಃಖ ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ ಅವರ ಹತ್ರ ಇದ್ದಿದ್ದು ತಮ್ಮ ಮಗನ ಮೇಲಿನ ಪ್ರೀತಿ ಒಂದೇ. ಇವನೇ ಇಲ್ದೆ ಹೋದ್ರೆ? ಪ್ರೀತಿಸೋ ಎಲ್ಲರಿಗೂ ರಾತ್ರಿ ಒಂದು ಹೊತ್ತಲ್ಲಿ ಬಂದು ಹೋಗೋ ಯೋಚನೆ ಅದು. ಕೇಟೆ ಅದನ್ನ ತಳ್ಳಿ ಹಾಕದೆ ತಗಡಿನ ಮೇಲೆ ಕೊರೆದ್ರು.

ಭಾಗ 4/8

1914ರ ಆಗಸ್ಟ್. ಯುದ್ಧ ಶುರುವಾದಾಗ ಪೀಟರ್ ಗೆಳೆಯರ ಜೊತೆ ನಾರ್ವೆ ಪ್ರವಾಸದಲ್ಲಿದ್ದ. ಸುದ್ದಿ ಕೇಳಿ ವಾಪಸ್ ಬಂದ. ಸೇನೆಗೆ ಸೇರ್ತೀನಿ ಅಂದ.

ಆಗ ಅವನಿಗೆ 18. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ತುಂಬಾ ಜನಕ್ಕಿಂತ ಚಿಕ್ಕವನು. ಜರ್ಮನಿಯಲ್ಲಿ ಆಗ 21 ಆಗೋವರೆಗೂ ಪ್ರಾಪ್ತ ವಯಸ್ಸು ಅಂತ ಲೆಕ್ಕ ಇರ್ಲಿಲ್ಲ. ತಾನಾಗೇ ಹೋಗಿ ಸೇರಬೇಕು ಅಂದ್ರೆ ಅಪ್ಪನ ಒಪ್ಪಿಗೆ ಬೇಕು. ಕಾರ್ಲ್ ಬೇಡ ಅಂದ್ರು. ದೇಶಕ್ಕೆ ನಿನ್ನ ಅಗತ್ಯ ಇದ್ದಿದ್ರೆ ದೇಶವೇ ಕರೀತಿತ್ತು ಅನ್ನೋದು ಅವರ ವಾದ.

ಪೀಟರ್ ಅಮ್ಮನ ಕಡೆ ನೋಡಿದ.

ಇದೇ ಈ ಕಥೆಯ ಗಂಟು. ಕೇಟೆ ಎದ್ದು ನಿಂತು ಮಗನ ಪರವಾಗಿ ಗಂಡನನ್ನ ಬೇಡಿಕೊಂಡ್ರು. ಕಾರ್ಲ್ ಒಪ್ಪಿದ್ರು. ದಿನಾಂಕ ಆಗಸ್ಟ್ 10. ಇದನ್ನೆಲ್ಲ ಕೇಟೆ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದಾರೆ.

ಯಾಕೆ ಹಾಗೆ ಮಾಡಿದ್ರು? ಅವರಿಗೇನೂ ಯುದ್ಧದ ಹುಚ್ಚು ಇರ್ಲಿಲ್ಲ. ಬಡವರ ಕಷ್ಟವನ್ನೇ ಚಿತ್ರ ಮಾಡಿದವರು, ಸಮಾಜವಾದದ ಕಡೆ ಒಲವಿದ್ದವರು. ಆದ್ರೆ ಆ ಆಗಸ್ಟ್‌ನಲ್ಲಿ ಇಡೀ ಊರೇ ಒಂದು ಅಲೆಯಲ್ಲಿ ತೇಲ್ತಿತ್ತು. ಶಾಲೆ ಕಾಲೇಜು ಹುಡುಗರು ಹಿಂಡು ಹಿಂಡಾಗಿ ಹೆಸರು ಬರೆಸ್ತಿದ್ರು. ಮಗ ನಂಬಿದ ಒಂದು ವಿಷಯಕ್ಕೆ ನಾನು ಅಡ್ಡ ನಿಲ್ಲಬಾರದು ಅನ್ನೋದು ಅವರಿಗೆ ಪ್ರೀತಿಯಾಗೇ ಕಂಡಿರಬೇಕು.

ಅಕ್ಟೋಬರ್ ಎರಡನೇ ವಾರದಲ್ಲಿ ಪೀಟರ್ ರಣರಂಗಕ್ಕೆ ಹೊರಟ. ಅಕ್ಟೋಬರ್ 22ರ ರಾತ್ರಿ ಬೆಲ್ಜಿಯಂನ ಡಿಕ್ಸ್‌ಮೌಡೆ ಹತ್ತಿರ ಸತ್ತ. ಹೊರಟು ಎರಡು ವಾರವೂ ಆಗಿರ್ಲಿಲ್ಲ. ಬರ್ಲಿನ್‌ನ ಮನೆಗೆ ಸುದ್ದಿ ಮುಟ್ಟಿದ್ದು ಅಕ್ಟೋಬರ್ 30ಕ್ಕೆ.

ಸಾವಿನ ದುಃಖ ಒಂದು. "ಕಳಿಸಿದ್ದು ನಾನೇ" ಅನ್ನೋದು ಇನ್ನೊಂದು. ಕೇಟೆಗೆ ಎರಡೂ ಒಟ್ಟಿಗೇ ಬಂತು.

ಭಾಗ 5/8

ಸುದ್ದಿ ಬಂದು ಒಂದು ತಿಂಗಳಾದ ಮೇಲೆ, 1914ರ ಡಿಸೆಂಬರ್ 1ರಂದು, ಕೇಟೆ ಡೈರಿಯಲ್ಲಿ ಒಂದು ಸ್ಮಾರಕದ ಯೋಜನೆ ಬರೆದ್ರು. ಪೀಟರ್ ಉದ್ದಕ್ಕೆ ಮಲಗಿರಬೇಕು, ತಲೆ ಹತ್ರ ಅಪ್ಪ, ಕಾಲ ಹತ್ರ ಅಮ್ಮ. ಅವನಿಗೆ ಮಾತ್ರ ಅಲ್ಲ, ಅವನ ಹಾಗೆ ತಾವಾಗೇ ಹೋಗಿ ಸತ್ತ ಎಲ್ಲ ಹುಡುಗರಿಗೂ ಅದು ಗೌರವ.

ನಮ್ಮ ಕಡೆ ಊರೂರಲ್ಲೂ ವೀರಗಲ್ಲು ಇರುತ್ತಲ್ಲ, ನೆನಪು ಮಾಡ್ಕೊಳ್ಳಿ. ಕೆಳಗಿನ ಸಾಲಲ್ಲಿ ಹೋರಾಟ, ಅದರ ಮೇಲೆ ಸತ್ತವನನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಎಲ್ಲಕ್ಕಿಂತ ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರೋದು. ಸಾವಿಗೆ ಒಂದು ಅರ್ಥ ಸಿಕ್ಕಿ ಕಥೆ ಮುಗಿಯುತ್ತೆ. ಹಿಂದೆ ಉಳಿದ ಅವ್ವನಿಗೆ ಸಾಮಾನ್ಯವಾಗಿ ಅದರಲ್ಲಿ ಜಾಗ ಇರಲ್ಲ. ಕೇಟೆಯ ಮೊದಲ ಯೋಜನೆಯಲ್ಲೂ ನಡುವೆ ಇದ್ದವನು ವೀರನೇ. ಅವನ ಸಾವು ಒಂದು ದೊಡ್ಡ ತ್ಯಾಗ ಅಂತ ನಂಬಿದ್ರೆ ತಡ್ಕೊಳ್ಳೋದು ಸ್ವಲ್ಪ ಸುಲಭ.

ಆದ್ರೆ ವರ್ಷ ಕಳೆದ ಹಾಗೆ ಆ ನಂಬಿಕೆ ಅವರ ಕೈಯಲ್ಲಿ ನಿಲ್ಲಲಿಲ್ಲ. 1916ರ ಡೈರಿಯಲ್ಲಿ ಅವರು ತಮ್ಮನ್ನ ತಾವೇ ಕೇಳ್ಕೊಂಡ ಪ್ರಶ್ನೆ ಹೀಗಿದೆ: ಯುದ್ಧ ಅಂದ್ರೆ ಬರೀ ಹುಚ್ಚು ಅಂತ ನನಗೀಗ ಕಾಣ್ತಿದೆ, ಹಾಗಂತ ಒಪ್ಕೊಂಡ್ರೆ ನಾನು ಪೀಟರ್‌ಗೆ ದ್ರೋಹ ಮಾಡಿದ ಹಾಗಾ? ಅವನು ಅದನ್ನ ನಂಬಿಯೇ ಸತ್ತ. ಅದು ಸುಳ್ಳು ಅಂದ್ರೆ ಅವನ ಸಾವಿಗೆ ಏನರ್ಥ? ನಿಜ ಅಂದ್ರೆ ಇನ್ನೂ ಸಾಯ್ತಿರೋ ಹುಡುಗರಿಗೆ ಏನು ಹೇಳೋದು?

ಕೈ ಮಾತ್ರ ಕೆಲಸ ಮಾಡ್ತಾನೇ ಇತ್ತು. ಮನೇಲಿ ಪೀಟರ್ ರೂಮನ್ನ ಅವನು ಬಿಟ್ಟು ಹೋದ ಹಾಗೇ ಇಟ್ಟಿದ್ರು. ಸ್ಟುಡಿಯೋದಲ್ಲಿ ಆ ಮಲಗಿದ ವಿಗ್ರಹವನ್ನ ತಿದ್ತಾನೇ ಇದ್ರು. ಸರಿ ಬರ್ಲಿಲ್ಲ. 1919ರಲ್ಲಿ ಅದನ್ನ ಅಲ್ಲಿಗೇ ನಿಲ್ಲಿಸಿಬಿಟ್ರು. ನಾಲ್ಕೂವರೆ ವರ್ಷದ ಕೆಲಸ!

ನಾವು ಬಿಕಾಂನೋರು 'ಸಂಕ್ ಕಾಸ್ಟ್' ಅಂತ ಓದ್ತೀವಿ. ಈಗಾಗಲೇ ಮುಳುಗಿದ ಖರ್ಚನ್ನ ನೋಡಿ ಮುಂದಿನ ನಿರ್ಧಾರ ಮಾಡಬೇಡಿ ಅಂತ. ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್‌ಗೆ ಬರೆಯೋದು ಸುಲಭ. ಸತ್ತ ಮಗನ ವಿಗ್ರಹದ ಮುಂದೆ ನಿಂತು ಹಾಗೆ ನಿರ್ಧಾರ ಮಾಡೋದು ಹೇಗಿತ್ತೋ, ಯೋಚಿಸಿ.

ಭಾಗ 6/8

ವಿಗ್ರಹ ನಿಂತ್ರೂ ಕೇಟೆ ನಿಲ್ಲಲಿಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ, 1918ರ ಅಕ್ಟೋಬರ್‌ಗೆ. ಜರ್ಮನಿ ಸೋಲೋದು ಖಚಿತವಾಗಿತ್ತು. ಆಗ ರಿಚರ್ಡ್ ಡೇಮೆಲ್ ಅನ್ನೋ ಹೆಸರಾಂತ ಕವಿ, ಶಕ್ತಿ ಇರೋರೆಲ್ಲ ಕೊನೇ ಹೋರಾಟಕ್ಕೆ ತಾವಾಗಿ ಬನ್ನಿ ಅಂತ ಕರೆ ಕೊಟ್ರು. ಕೇಟೆ 'ಫೋರ್ವೆರ್ಟ್ಸ್' ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ವಿರೋಧಿಸಿದ್ರು. ಸತ್ತಿದ್ದು ಸಾಕು, ಇನ್ನೊಬ್ಬನೂ ಬೀಳಬಾರದು ಅಂತ. ನಾಲ್ಕು ವರ್ಷದ ಹಿಂದೆ ಮಗನಿಗೆ ಒಪ್ಪಿಗೆ ಕೊಡಿಸಿದ ಅದೇ ಅಮ್ಮ, ಈಗ ಇಡೀ ದೇಶದ ಮುಂದೆ "ಬೇಡ" ಅಂದ್ರು.

1920ರಲ್ಲಿ ಅರ್ನ್ಸ್ಟ್ ಬಾರ್ಲಾಖ್ ಅನ್ನೋ ಕಲಾವಿದನ ಮರದಚ್ಚಿನ ಚಿತ್ರಗಳನ್ನ ನೋಡಿ, ನನಗೆ ಬೇಕಾಗಿರೋದು ಇದೇ ಅನ್ಸಿ, 50 ದಾಟಿದ ವಯಸ್ಸಲ್ಲಿ ಹೊಸದಾಗಿ ಮರ ಕೆತ್ತೋಕೆ ಶುರು ಮಾಡಿದ್ರು. ಮರದಚ್ಚಲ್ಲಿ ಬೂದು ಬಣ್ಣದ ನಯ ಕಷ್ಟ. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. 1923ರ ಹೊತ್ತಿಗೆ 'ಯುದ್ಧ' ಅನ್ನೋ ಏಳು ಚಿತ್ರಗಳ ಸರಣಿ ಮುಗೀತು. ಅದರಲ್ಲಿ ಬಂದೂಕಿಲ್ಲ, ರಣರಂಗ ಇಲ್ಲ. ಮಗುವನ್ನ ಎತ್ತಿ ಕೊಡೋ ತಾಯಿ, ಅಪ್ಪ ಅಮ್ಮ, ವಿಧವೆ, ಮಕ್ಕಳನ್ನ ಸುತ್ತುವರಿದು ನಿಂತ ತಾಯಂದಿರು ಇದ್ದಾರೆ.

ಆರನೇ ಫೋಟೋ ಆ ಸರಣಿಯ 'ಸ್ವಯಂಸೇವಕರು'. ಮುಂದೆ ಸಾವು ನಗಾರಿ ಬಾರಿಸ್ತಾ ಹೋಗ್ತಿದೆ, ಹುಡುಗರು ಮೈಮರೆತು ಅದರ ಹಿಂದೆ. ಸಾವಿಗೆ ಎಲ್ಲರಿಗಿಂತ ಹತ್ತಿರ ಇರೋ ಹುಡುಗ ಪೀಟರ್. ಕೇಟೆ ಅವನನ್ನ ಬೈದಿಲ್ಲ. ಆ ಹುಡುಗರ ಮುಖದಲ್ಲಿರೋ ಉತ್ಸಾಹವನ್ನ ಗೇಲಿ ಮಾಡಿಲ್ಲ. ಆದ್ರೆ ನಗಾರಿ ಯಾರ ಕೈಯಲ್ಲಿತ್ತು ಅನ್ನೋದನ್ನ ಮುಚ್ಚಿಟ್ಟೂ ಇಲ್ಲ. 1916ರಲ್ಲಿ ಕೇಳ್ಕೊಂಡ ಪ್ರಶ್ನೆಗೆ ಉತ್ತರ ಅವರಿಗೆ ಇಲ್ಲಿ ಸಿಕ್ಕಿತು ಅಂತ ನನಗನ್ಸುತ್ತೆ. ಮಗನನ್ನ ಪ್ರೀತಿಸ್ತಾನೇ ಅವನು ನಂಬಿದ್ದು ತಪ್ಪು ಅಂತ ಹೇಳೋಕಾಗುತ್ತೆ.

ಭಾಗ 7/8

1926ರ ಜೂನ್. ಕೇಟೆ ಮತ್ತು ಕಾರ್ಲ್ ಬೆಲ್ಜಿಯಂಗೆ ಹೋಗಿ ಮಗನ ಗೋರಿ ನೋಡಿದ್ರು. ಆಗ ಪೀಟರ್ ಇದ್ದಿದ್ದು ರೊಗ್ಗೆವೆಲ್ಡೆ ಅನ್ನೋ ಸಣ್ಣ ಸ್ಮಶಾನದಲ್ಲಿ. ಸಾಲು ಸಾಲು ಮರದ ಶಿಲುಬೆಗಳು. ಅಲ್ಲೇ ಪೊದೆಯಲ್ಲಿ ಅರಳಿದ್ದ ಕಾಡುಗುಲಾಬಿಯಿಂದ ಮೂರು ಹೂ ಕಿತ್ತು ಅವನ ಶಿಲುಬೆ ಹತ್ತಿರ ಇಟ್ರು.

ಆ ಭೇಟಿ ಆದ ಮೇಲೆ ಸ್ಮಾರಕದ ರೂಪ ಗಟ್ಟಿಯಾಯ್ತು. ಮಲಗಿದ ಮಗನ ವಿಗ್ರಹ ಹೋಯ್ತು. ವೀರನ ಜಾಗ ಖಾಲಿ. ಉಳಿದಿದ್ದು ಅಪ್ಪ ಅಮ್ಮ ಮಾತ್ರ, ಕಾರ್ಲ್ ಮುಖ, ಕೇಟೆ ಮುಖ. ಗೋರಿಗಳ ಮುಂದೆ ಮಂಡಿಯೂರಿ. ಆ ಭಂಗಿಯನ್ನ ದುಃಖ ಅಂತ ಓದಬಹುದು. ನನಗೆ ಅದು ಕ್ಷಮೆ ಕೇಳೋ ಹಾಗೂ ಕಾಣುತ್ತೆ. ಒಂದು ಇಡೀ ಪೀಳಿಗೆಯ ದೊಡ್ಡವರು ತಾವು ಕಳಿಸಿದ ಮಕ್ಕಳ ಮುಂದೆ ಬಗ್ಗಿದ ಹಾಗೆ. 1914ರಲ್ಲಿ ಇದನ್ನ ಮಾಡೋಕೆ ಅವರಿಂದ ಆಗ್ತಿರ್ಲಿಲ್ಲ. ಆಗಿನ್ನೂ ಹೇಳಬೇಕಾದ್ದು ಏನು ಅಂತಲೇ ಗೊತ್ತಿರ್ಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳ್ತೀನಿ. ನನ್ನ ದೊಡ್ಡಮ್ಮನ ಮಗ ಮೂರು ವರ್ಷದ ಹಿಂದೆ ಬೈಕ್ ಆಕ್ಸಿಡೆಂಟಲ್ಲಿ ಹೋದ. ದೊಡ್ಡಪ್ಪ ಬೈಕ್ ಬೇಡ ಅಂದಿದ್ರು, ದೊಡ್ಡಮ್ಮ ಹಟ ಹಿಡಿದು ಕೊಡಿಸಿದ್ರು. ಬಂದವರೆಲ್ಲ "ವಿಧಿ ಬರಹ, ನಿಮ್ಮ ತಪ್ಪೇನಿದೆ" ಅಂತಾರೆ. ಆ ಮಾತು ಅವರಿಗೆ ತಾಕೋದೇ ಇಲ್ಲ. ಹೋದ ತಿಂಗಳು ಅವರಿಗೆ ಈ ವಿಗ್ರಹಗಳ ಫೋಟೋ ತೋರಿಸ್ದೆ. ಯಾರು, ಎತ್ತ ಅಂತ ಏನೂ ಹೇಳಿರ್ಲಿಲ್ಲ. ತುಂಬಾ ಹೊತ್ತು ನೋಡಿ, "ಇವ್ರೂ ನಿಮ್ಮ ದೊಡ್ಡಪ್ಪನ ಥರಾನೇ ಕೈ ಕಟ್ಕೊಂಡು ಕೂತವ್ರೆ" ಅಂದ್ರು. ಆಮೇಲೆ ಕೇಳಿದ್ರು, "ಇವ್ರ ಮಗಂಗೆ ಎಷ್ಟು ವಯಸ್ಸಾಗಿತ್ತು?"

ಹದಿನೆಂಟು ಅಂದೆ. ಮಗ ಹೋದ ಮೇಲೆ ಅವರು ತಾವಾಗೇ ಇನ್ನೊಬ್ಬರ ಮಗನ ವಯಸ್ಸು ಕೇಳಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಅವತ್ತು ಸಾಯಂಕಾಲದವರೆಗೂ ಕೂತು ಮಾತಾಡಿದ್ರು.

ಕಲೆ ಸಮಾಧಾನ ಕೊಡುತ್ತೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಸಮಾಧಾನ ಅಂದ್ರೆ ಮರೆಸೋದು ಅಂತ ನಾನೂ ಅಂದ್ಕೊಂಡಿದ್ದೆ. ದೊಡ್ಡಮ್ಮ ಏನನ್ನೂ ಮರೀಲಿಲ್ಲ. ತಮ್ಮ ಜೊತೆ ಕೂತ ಇನ್ನಿಬ್ಬರು ಸಿಕ್ಕಿದ್ರು ಅಷ್ಟೇ.

ಭಾಗ 8/8

ಪ್ಲಾಸ್ಟರ್‌ನಲ್ಲಿ ಮಾಡಿದ ವಿಗ್ರಹಗಳು 1931ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಕ್ಕೆ ಬಂದವು. ಆಮೇಲೆ ಶಿಲ್ಪಿಗಳು ಅವನ್ನ ಬೆಲ್ಜಿಯಂ ಗ್ರಾನೈಟ್‌ನಲ್ಲಿ ಕೆತ್ತಿದ್ರು. 1932ರ ಜುಲೈನಲ್ಲಿ ಕಲ್ಲುಗಳು ರೊಗ್ಗೆವೆಲ್ಡೆಯಲ್ಲಿ ನಿಂತವು. ಕೇಟೆಗೆ ಆಗ 65. ಡೈರಿಯಲ್ಲಿ ಆ ದಿನದ ಬಗ್ಗೆ ಇದೆ: ಅವರು ಆ ಕಲ್ಲಿನ ಹೆಂಗಸಿನ ಮುಂದೆ ನಿಂತು, ಅದರಲ್ಲಿ ತಮ್ಮದೇ ಮುಖ ನೋಡಿ ಅತ್ತು, ಅದರ ಕೆನ್ನೆ ಸವರಿದ್ರು. ಕಾರ್ಲ್ ಹಿಂದೆಯೇ ನಿಂತಿದ್ರು.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಇತಿಹಾಸ ಮುಗಿಯೋಕೆ ಬಿಡಲಿಲ್ಲ. ಆರೇ ತಿಂಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1919ರಲ್ಲಿ ಪ್ರಷ್ಯನ್ ಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಕೇಟೆ. 1933ರಲ್ಲಿ ಅದೇ ಅಕಾಡೆಮಿಯಿಂದ ಅವರನ್ನ ಹೊರಗೆ ಕಳಿಸಿದ್ರು. 1936ರಲ್ಲಿ ಗೆಸ್ಟಾಪೋ ಮನೆಗೆ ಬಂದು ಬೆದರಿಸಿ ಹೋಯ್ತು. 1940ರಲ್ಲಿ ಕಾರ್ಲ್ ತೀರಿಕೊಂಡ್ರು. ಹಾನ್ಸ್ ತನ್ನ ಮಗನಿಗೆ ತಮ್ಮನ ಹೆಸರನ್ನೇ ಇಟ್ಟಿದ್ದ, ಪೀಟರ್ ಅಂತ. ಆ ಮೊಮ್ಮಗ ಪೀಟರ್ 1942ರಲ್ಲಿ ರಷ್ಯಾದ ಯುದ್ಧದಲ್ಲಿ ಸತ್ತ.

ಅದೇ 1942ರ ಕಲ್ಲಚ್ಚಿನ ಚಿತ್ರ ಎಂಟನೇ ಫೋಟೋದಲ್ಲಿದೆ. ಮೊಮ್ಮಗ ಸಾಯೋ ಮೊದಲೇ ಮಾಡಿದ್ದು. ವಯಸ್ಸಾದ ತಾಯಿಯೊಬ್ಬಳು ತನ್ನ ತೋಳು, ಸೆರಗು ಎಲ್ಲ ಹರಡಿ ಹುಡುಗರನ್ನ ಒಳಗೆ ಅದುಮಿ ಹಿಡಿದಿದ್ದಾಳೆ. ತುಂಟ ಹುಡುಗರು ಸಂದಿಯಲ್ಲಿ ಇಣುಕ್ತಿದ್ದಾರೆ, ಹೊರಗೆ ಓಡೋಕೆ ಕಾಯ್ತಿದ್ದಾರೆ. ಅವಳು ಬಿಡ್ತಿಲ್ಲ. ಚಿತ್ರದ ಹೆಸರಿನ ಅರ್ಥ ಇಷ್ಟು: ಬಿತ್ತನೆ ಕಾಳನ್ನ ಬೀಸಬಾರದು. ನಮ್ಮ ಹಳ್ಳಿಯಲ್ಲಿ ಯಾವ ರೈತನಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1914ರಲ್ಲಿ "ಕಳಿಸಿ" ಅಂದ ಅಮ್ಮ, 1942ರಲ್ಲಿ ಎರಡೂ ತೋಳಲ್ಲಿ ತಡೆದು ನಿಂತಿದ್ದಾಳೆ. ಕೇಟೆಯ ಕೊನೆಯ ದೊಡ್ಡ ಚಿತ್ರ ಇದು. ಮರುವರ್ಷ ಬಾಂಬ್ ಬಿದ್ದು ಬರ್ಲಿನ್‌ನ ಮನೆ ನಾಶವಾಯ್ತು. 1945ರ ಏಪ್ರಿಲ್ 22ರಂದು ಅವರು ತೀರಿಕೊಂಡ್ರು. ಯುರೋಪಿನಲ್ಲಿ ಯುದ್ಧ ಮುಗಿಯೋಕೆ ಆಗ ಎರಡು ವಾರ ಚಿಲ್ಲರೆ ಬಾಕಿ ಇತ್ತು.

ಆಮೇಲೆ 1950ರ ದಶಕದಲ್ಲಿ ಸಣ್ಣ ಸ್ಮಶಾನಗಳನ್ನೆಲ್ಲ ಒಟ್ಟು ಮಾಡಿದಾಗ ಪೀಟರ್‌ನ ಅವಶೇಷವನ್ನ ವ್ಲಾಡ್‌ಸ್ಲೋಗೆ ತಂದ್ರು. ಜೊತೆಗೇ ಆ ಅಪ್ಪ ಅಮ್ಮನೂ ಬಂದ್ರು. ಈಗ ಅಲ್ಲಿ ಶಿಲುಬೆಗಳಿಲ್ಲ. ನೆಲಮಟ್ಟದ ಚಪ್ಪಡಿ ಕಲ್ಲುಗಳು, ಒಂದೊಂದರ ಮೇಲೆ ಇಪ್ಪತ್ತು ಹೆಸರು. ಅಪ್ಪನ ಕಣ್ಣಿನ ನೇರಕ್ಕೆ ಇರೋ ಕಲ್ಲಿನಲ್ಲಿ ಪೀಟರ್ ಹೆಸರಿದೆ, ಬೇರೆ ಹತ್ತೊಂಬತ್ತು ಅಮ್ಮಂದಿರ ಮಕ್ಕಳ ಹೆಸರಿನ ಜೊತೆ.

ಇದನ್ನ ಓದಿ ಯಾರಾದ್ರೂ ನೆನಪಾದ್ರೆ ಕಾಮೆಂಟ್ ಹಾಕಬೇಕು ಅಂತೇನಿಲ್ಲ. ಅವರ ಮನೆಯವರಿಗೆ ಒಂದು ಫೋನ್ ಮಾಡಿ. ಮುಂದಿನ ಭಾನುವಾರ ಸಿಗೋಣ.

#ಭಾನುವಾರದಇತಿಹಾಸ #ಕೇಟೆಕೊಲ್ವಿಟ್ಸ್ #ಕನ್ನಡದಲ್ಲಿಓದಿ